ಬೆನ್ನು ತಿರುಗಿಸಿ ಬೆಟ್ಟ ಹತ್ತಿದ್ದು

ಇಷ್ಟಕ್ಕೆಲ್ಲ ಕಾರಣ ಬರೀ ಹತ್ತು ನಿಮಿಷ. ಬೆಳಿಗ್ಗೆ ಮಾವ ಸ್ನಾನಕ್ಕೆ ಹೋದದ್ದೇ ತಡ, ಬಡಗಿ ಬೆಕ್ಕಿನ ಹೆಜ್ಜೆಯಲ್ಲಿ ಅವರ ಕೋಣೆಗೆ ನುಸುಳಿ, ದಿಂಬಿನ ಪಕ್ಕದ ಜೇಬುಗಡಿಯಾರವನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಿ, ಏನೂ ಅರಿಯದವನಂತೆ ಹೊರಗೆ ಬಂದ.

ಮಾವ ಮೂವತ್ತೈದು ವರ್ಷ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಎಂಟಕ್ಕೆ ಹೊರಡುವುದೆಂದರೆ ಎಂಟಕ್ಕೇ. ಒಂದು ನಿಮಿಷ ಮೊದಲು ಕೈಕಾಲು ಹಿಡಿದರೂ ಹೊಸಿಲು ದಾಟರು. ಬಡಗಿಯ ಪಿಕಪ್ಪೋ ಬಡಗಿಗಿಂತ ಎರಡು ವರ್ಷ ದೊಡ್ಡದು. ಅದನ್ನು ನಂಬಿ ಬೆಟ್ಟ ಹತ್ತುವವನಿಗೆ ಹತ್ತು ನಿಮಿಷ ಕೈಯಲ್ಲಿದ್ದರೆ ಆನೆಬಲ.

ಬೆಟ್ಟದಾಚೆ ಮಾವನ ಹಿರಿಯ ಮಗಳ ಮನೆ. ದಾರಿ ಎಷ್ಟು ಕಿರಿದೆಂದರೆ ಎದುರುಬದುರು ಎರಡು ಗಾಡಿ ಬಂದರೆ ಒಂದು ಪ್ರಪಾತಕ್ಕೇ ಹೋಗಬೇಕು. ಹಾಗಾಗಿ ಬೆಟ್ಟದ ತುದಿಯಲ್ಲೊಂದು ಗೇಟು. ಮಧ್ಯಾಹ್ನ ಒಂದರವರೆಗೆ ಈ ಕಡೆಯಿಂದ ಹತ್ತುವವರು, ಆಮೇಲೆ ಆಚೆಯಿಂದ ಬಂದು ಇಳಿಯುವವರು. ಈ ವರ್ಷಕ್ಕೆ ಇವತ್ತೇ ಕೊನೆ. ನಾಳೆಯಿಂದ ನಾಲ್ಕು ತಿಂಗಳು ಹಿಮಕ್ಕೆ ದಾರಿ ಬಂದ್.

ನಾಲ್ಕು ತಿಂಗಳು! ನೆನೆಸಿಕೊಂಡೇ ಬಡಗಿ ಬೆವೆತ. ಮಾವ ಒಂದು ವಾರಕ್ಕೆಂದು ಬಂದು ಏಳು ತಿಂಗಳಾಗಿತ್ತು. ಕೆಟ್ಟವರಲ್ಲ, ಪಾಪ. ಆದರೆ ದಿನವಿಡೀ ಅಂಗಡಿಯಲ್ಲಿ ಸ್ಟೂಲು ಹಾಕಿಕೊಂಡು ಕೂತು, “ಅಳಿಯಂದ್ರೇ, ಆ ಹಲಗೆ ಕೂದಲೆಳೆಯಷ್ಟು ಸೊಟ್ಟ” ಎನ್ನುವರು. ಅಳೆದು ನೋಡಿದರೆ ನಿಜಕ್ಕೂ ಸೊಟ್ಟಗೇ ಇರುತ್ತಿತ್ತು. ಬಡಗಿಗೆ ಹೊಟ್ಟೆ ಉರಿಯುತ್ತಿದ್ದುದು ಅದಕ್ಕೇ. ಚಹಾ ಕುಡಿಯಲು ಕೂತರೆ ಸರಿಯಾಗಿ ಐದನೇ ನಿಮಿಷಕ್ಕೆ ಗಾರ್ಡಿನ ಸೀಟಿ ಊದುವರು.

“ರೀ, ಅಪ್ಪನ್ನ ಜೋಪಾನವಾಗಿ ಬಿಟ್ಟು ಬನ್ನಿ” ಎಂದು ಹೆಂಡತಿ ಕಣ್ಣೊರೆಸಿಕೊಂಡಳು. ಬಡಗಿಯೂ ಕಣ್ಣೊರೆಸಿಕೊಂಡ, ಅವನದು ಆನಂದಬಾಷ್ಪ. ಮಾವ ಗಡಿಯಾರ ನೋಡಿ “ಎಂಟು” ಎಂದು ಗಾಡಿ ಏರಿದರು. ಹಗ್ಗ ಬಿಗಿಯುವ ಗಡಿಬಿಡಿಯಲ್ಲಿ ಬಡಗಿ ಗೋಡೆ ಗಡಿಯಾರದ ಕಡೆ ತಿರುಗಿಯೂ ನೋಡಲಿಲ್ಲ.

ಮರಗಳು ಮುಗಿದು ಬರೀ ಬಂಡೆ ಶುರುವಾಗುವ ತನಕ ಪಿಕಪ್ ಹೇಗೋ ಮರ್ಯಾದೆ ಉಳಿಸಿತು. ಆಮೇಲೆ ಏದುಸಿರು ಬಿಡತೊಡಗಿತು. ಮೂರನೇ ಗೇರು ಎರಡಾಯಿತು, ಎರಡು ಒಂದಾಯಿತು. ಹಿಂದೆ ಕಪ್ಪು ಹೊಗೆ, ಮುಂದೆ ರೇಡಿಯೇಟರಿನ ಬಿಳಿ ಹೊಗೆ. ಕೊನೇ ಏರಿನ ಬುಡದಲ್ಲಿದ್ದ ಚಹಾದಂಗಡಿಯ ಮುಂದೆ ಒಮ್ಮೆ ಕೆಮ್ಮಿ ನಿಂತೇಬಿಟ್ಟಿತು.

“ಭಾರ ಜಾಸ್ತಿ. ಇಳಿಸಿ” ಎಂದರು ಮಾವ.

ಬಡಗಿ ಆಸೆಯಿಂದ ಅವರ ಆರಾಮ ಕುರ್ಚಿಗೆ ಕೈ ಹಾಕಿದ.

“ಅದಲ್ಲ. ನಿಮ್ಮ ಹತಾರದ ಪೆಟ್ಟಿಗೆ.”

ಗರಗಸ, ಉಳಿ, ಸುತ್ತಿಗೆ ತುಂಬಿದ ಪೆಟ್ಟಿಗೆ ಚಹಾದಂಗಡಿ ಸೇರಿತು. ಪಿಕಪ್ ನಾಲ್ಕು ಮಾರು ಏರಿ, ಏನೋ ಮರೆತವರಂತೆ ಹಿಂದಕ್ಕೆ ಜಾರಿ, ಮೊದಲಿನ ಜಾಗದಲ್ಲೇ ನಿಂತಿತು.

ಅಂಗಡಿಯಾಕೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದವಳು ಹತ್ತಿರ ಬಂದಳು. “ಅಣ್ಣಾ, ಇಲ್ಲಿ ಗಾಳಿ ತೆಳು. ನಿಮಗೇ ಉಸಿರು ಸಾಲ್ತಿಲ್ಲ, ಈ ಮುದಿಗಾಡಿಗೆಲ್ಲಿ ಸಾಲುತ್ತೆ? ತಿರುಗಿಸಿ, ರಿವರ್ಸಲ್ಲಿ ಹತ್ತಿಸಿ. ಇಂಥ ಹಳೇದಕ್ಕೆಲ್ಲ ರಿವರ್ಸ್ ಗೇರಿಗೇ ಬಲ ಜಾಸ್ತಿ. ನಮ್ಮ ಯಜಮಾನ್ರು ಹಾಗೇ ಹತ್ತಿಸ್ತಿದ್ರು.”

ಬೇರೆ ದಾರಿ ಇರಲಿಲ್ಲ. ಬಡಗಿ ಅಂಗಡಿಯ ಮುಂದೆ ಗಾಡಿ ತಿರುಗಿಸಿ ರಿವರ್ಸ್ ಹಾಕಿದ. ಏನಾಶ್ಚರ್ಯ! ಪಿಕಪ್ ಗೊಣಗುತ್ತಲೇ ಒಂದೊಂದೇ ಮಾರು ಏರತೊಡಗಿತು. ಮಾವ ಹಿಂದೆ ಟ್ರಂಕು, ಮಂಚ, ಕುರ್ಚಿಗಳ ನಡುವೆ ನಿಂತು ಸೀಟಿ ಊದಿದರು. ಎಡಕ್ಕೊಂದು ಸೀಟಿ, ಬಲಕ್ಕೆರಡು.

“ಗಾರ್ಡಿನ ಡಬ್ಬಿ ಮುಂದೆ, ಇಂಜಿನ್ನು ಹಿಂದೆ! ನನ್ನ ಸರ್ವೀಸಲ್ಲೇ ನೋಡಿರಲಿಲ್ಲ ಅಳಿಯಂದ್ರೇ!” ಎಂದು ಚಳಿಯಲ್ಲೂ ನಕ್ಕರು. ಕುತ್ತಿಗೆ ಉಳುಕಿಸಿಕೊಂಡಿದ್ದ ಬಡಗಿಗೆ ಅವರ ಮೇಲೆ ತುಸು ಪ್ರೀತಿಯೇ ಹುಟ್ಟಿತು. ಹೇಗೂ ಹೋಗುವವರಲ್ಲವೇ.

ಗೇಟಿನ ಮುಂದೆ ನಿಂತಾಗ ಅಲ್ಲಿನ ಗೋಡೆ ಗಡಿಯಾರದಲ್ಲಿ ಹನ್ನೆರಡೂ ನಲವತ್ತು. ಬಡಗಿ ಗೆದ್ದೆ ಎಂದುಕೊಂಡ. ಅಷ್ಟರಲ್ಲಿ ಗೇಟಿನವನು ಕೂಗುತ್ತಾ ಓಡಿ ಬಂದ.

“ರೀ ಸ್ವಾಮಿ! ಒಂದು ಗಂಟೆಗೆ ಮುಂಚೆ ಇಳಿಯೋಕೆ ಯಾರು ಬಿಟ್ಟಿದ್ದು? ಗೇಟು ಹಾರಿಸ್ಕೊಂಡು ಬಂದ್ರಾ?”

“ಇಳೀತಿಲ್ಲಪ್ಪ, ಹತ್ತಿ ಬಂದಿದ್ದು.”

“ಮುಖ ಕೆಳಗಿದೆ!”

“ಹಿಂದಕ್ಕೆ ಹತ್ತಿದೆ.”

“ಹನ್ನೆರಡು ವರ್ಷದಿಂದ ಇಲ್ಲಿದ್ದೀನಿ. ನನ್ನ ಕಿವಿಗೆ ಹೂವು ಇಡಬೇಡಿ.”

ಮಾತಿಗೆ ಮಾತು ಬೆಳೆದು ಹತ್ತು ನಿಮಿಷ ಹೋಯಿತು. ಕೊನೆಗೆ ಮಾವ ಮೇಲಿನಿಂದಲೇ ಗಂಟಲು ಸರಿಮಾಡಿಕೊಂಡು, ತಾವು ಯಾರು, ಎಷ್ಟು ವರ್ಷ ಗಾರ್ಡ್ ಆಗಿದ್ದರು, ಗಾಡಿ ಹೇಗೆ ಹತ್ತಿತು ಎಲ್ಲಾ ಹೇಳಿದರು. ಗೇಟಿನವನು ಮೆತ್ತಗಾದ. ಸೆಲ್ಯೂಟ್ ಕೂಡ ಹೊಡೆದ.

“ಗಾರ್ಡ್ ಸಾಹೇಬ್ರು ಹೇಳಿದ ಮೇಲೆ ಮುಗೀತು. ಇನ್ನೂ ಹತ್ತು ನಿಮಿಷ ಇದೆ, ದಾಟಿಬಿಡಿ” ಎಂದು ಗೇಟಿಗೆ ಕೈ ಹಾಕಿದ.

ಮಾವ ಜೇಬುಗಡಿಯಾರ ತೆಗೆದರು.

“ನಿಮ್ಮ ಗಡಿಯಾರ ಹತ್ತು ನಿಮಿಷ ಹಿಂದಿದೆ. ಈಗ ಸರಿಯಾಗಿ ಒಂದು ಗಂಟೆ.”

ಅಲ್ಲ, ಮಾವನ ಗಡಿಯಾರವೇ ತಪ್ಪು, ಬೆಳಿಗ್ಗೆ ನಾನೇ ತಿರುಗಿಸಿದೆ ಎಂದು ಬಡಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದ. ಮಾವ ಎದೆ ಸೆಟೆಸಿ ನಿಂತಿದ್ದರು. ಏಳು ತಿಂಗಳಲ್ಲಿ ಅವರಿಗೆ ಸೆಲ್ಯೂಟ್ ಹೊಡೆದವನು ಇವನೊಬ್ಬನೇ. ಅವನೆದುರು ಅವರ ಗಡಿಯಾರದ ಮಾನ ಕಳೆಯಲು ಬಡಗಿಗೆ ಮನಸ್ಸಾಗಲಿಲ್ಲ. ತೆರೆದ ಬಾಯಿ ಮುಚ್ಚಿದ.

“ಹೌದಾ ಸಾರ್? ಹಾಗಾದ್ರೆ ಇಳಿಯೋರ ಸರದಿ” ಎಂದು ಗೇಟಿನವನು ಗೋಡೆ ಗಡಿಯಾರವನ್ನು ಮುಂದಕ್ಕೆ ತಿರುಗಿಸಿದ. “ಪುಣ್ಯಕ್ಕೆ ನಿಮ್ಮ ಗಾಡಿ ಆಗಲೇ ಕೆಳಗೆ ಮುಖ ಮಾಡಿದೆ. ಮೊದಲು ನೀವೇ ಹೊರಡಿ.”

ಇಳಿಯುವಾಗ ಪಿಕಪ್ ಎಳೆಗರುವಿನಂತೆ ಓಡಿತು. ಹತ್ತಲಾರದ ಗಾಡಿಗೆ ಮನೆ ಕಡೆ ಎಂಥ ಹುಮ್ಮಸ್ಸು ಎಂದು ಬಡಗಿ ಹಲ್ಲು ಕಡಿದ.

ಹತಾರದ ಪೆಟ್ಟಿಗೆಗಾಗಿ ಚಹಾದಂಗಡಿಯಲ್ಲಿ ನಿಂತರು. ಅಂಗಡಿಯಾಕೆ ಎರಡು ಲೋಟ ಚಹಾ ತಂದಿಟ್ಟಳು. ಒಳಗೆ ರೇಡಿಯೋ ಬೀಪ್ ಬೀಪ್ ಎಂದು, “ಸಮಯ ಈಗ ಒಂದೂವರೆ ಗಂಟೆ. ವಾರ್ತೆಗಳು” ಎಂದಿತು. ಮಾವ ಅಭ್ಯಾಸಬಲದಿಂದ ಗಡಿಯಾರ ತೆಗೆದು ನೋಡಿದರು. ಬಡಗಿಯೂ ಬಗ್ಗಿ ನೋಡಿದ.

ಒಂದೂವರೆ. ಒಂದು ಸೆಕೆಂಡು ಆಚೆಯಿಲ್ಲ, ಈಚೆಯಿಲ್ಲ.

“ಮಾವಾ… ಇದು…”

“ಮೂವತ್ತೈದು ವರ್ಷ ಜೇಬಲ್ಲಿಟ್ಟುಕೊಂಡಿದ್ದು ಅಳಿಯಂದ್ರೇ. ಸ್ನಾನದಿಂದ ಬಂದು ಕೈಗೆತ್ತಿಕೊಂಡ ಕೂಡಲೇ ಗೊತ್ತಾಯ್ತು. ಆಗಲೇ ಸರಿಮಾಡಿದೆ.”

“ಮತ್ತೆ ಗೇಟಲ್ಲಿ ಹೇಳಿದ್ದು?”

ಮಾವ ಲೋಟದೊಳಗೆ ನೋಡಿದರು. “ಸರ್ವೀಸಿನಲ್ಲಿ ಒಂದು ಸಲವೂ ಟೈಮ್ ಸುಳ್ಳು ಹೇಳಿದವನಲ್ಲ. ಇವತ್ತೇ ಮೊದಲು.” ಒಂದು ಗುಟುಕು ಚಹಾ ಕುಡಿದು, “ದೊಡ್ಡವಳ ಮನೇಲಿ ನನ್ನನ್ನ ಚೆನ್ನಾಗೇ ನೋಡ್ಕೋತಾರೆ. ಆದ್ರೆ ಅಲ್ಲಿ ಸೊಟ್ಟ ಅನ್ನೋದು ಏನೂ ಇಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ನಾನು ಏನು ಮಾಡ್ಲಿ, ಹೇಳಿ?” ಎಂದರು.

ಬಡಗಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಯೋಚಿಸೋಣವೆಂದು ಲೋಟ ತುಟಿಗಿಟ್ಟ. ಪಕ್ಕದಲ್ಲೇ ಸೀಟಿ ಕೇಳಿಸಿತು.

“ಐದು ನಿಮಿಷ ಆಯ್ತು, ಏಳಿ ಅಳಿಯಂದ್ರೇ. ಅಂಗಡೀಲಿ ಆ ಕಪಾಟಿನ ಬಾಗಿಲು ಹಾಗೇ ಬಿಟ್ಟು ಬಂದಿದ್ದೀರಿ. ಅದೂ ಕೂದಲೆಳೆಯಷ್ಟು ಸೊಟ್ಟ.”