ತಲೆಗೆ ಎರಡು ಮಿಲಿ ಆಂಪಿಯರ್

ನಾನು ಕೆಲಸ ಮಾಡುವ ಕೋಣೆಯಲ್ಲಿ ನಗು ಬರುವಂಥದ್ದು ಏನೂ ಇಲ್ಲ. ಆದರೂ ಬಂದವರಿಂದ ಏನಾದರೊಂದು ಆಗಿಯೇ ಆಗುತ್ತದೆ. ಮೊದಲ ಸಲ ಬರೆಯುತ್ತಿದ್ದೇನೆ, ಹಾಗಾಗಿ ಎಲ್ಲ ವಿವರಿಸಿಬಿಡುತ್ತೇನೆ. ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಪ್ರಯೋಗಾಲಯದಲ್ಲಿ ನಾನು ಟೆಕ್ನಿಷಿಯನ್. ಆರೋಗ್ಯವಂತರ ತಲೆಯ ಮೇಲೆ ಒದ್ದೆ ಸ್ಪಾಂಜ್ ಇಟ್ಟು, ತೀರಾ ಸಣ್ಣ ಕರೆಂಟ್ ಹರಿಸಿ, ಮೆದುಳಿನ ಚಟುವಟಿಕೆ ಬದಲಾಗುತ್ತದೆಯೇ ಎಂದು ಪರದೆಯ ಗೆರೆಗಳಲ್ಲಿ ನೋಡುತ್ತೇವೆ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಷಾಕ್ ಅಲ್ಲ. ಇದನ್ನು ಎರಡು ಸಲ ಹೇಳಬೇಕು: ಷಾಕ್ ಅಲ್ಲ.

ಯಂತ್ರ ಎರವಲು ತಂದದ್ದು. ಶನಿವಾರ ವಾಪಸ್ ಹೋಗುತ್ತಿತ್ತು. ಅಷ್ಟರೊಳಗೆ ಇನ್ನೂ ಮೂವರು ಸಿಗದಿದ್ದರೆ ನಮ್ಮ ಡಾಕ್ಟರ್ ಮೇಡಂ ಎರಡು ವರ್ಷ ಮಾಡಿದ ಕೆಲಸ ವ್ಯರ್ಥ.

೧. ತಂಪಿಗೆ

ಆಲ್ಕೊಳದ ಟೀಚರೊಬ್ಬರಿಗೆ ಫೋನಿನಲ್ಲಿ ಹೇಳಿದ್ದೆ, "ತಲೆಸ್ನಾನ ಮಾಡಿಕೊಂಡು ಬನ್ನಿ." ಎಣ್ಣೆ ಇದ್ದರೆ ಸ್ಪಾಂಜ್ ಸರಿಯಾಗಿ ಕೂರುವುದಿಲ್ಲ. ಬಂದರು. ಜಡೆಯಿಂದ ಎಣ್ಣೆ ಇಳಿಯುತ್ತಿತ್ತು.

"ತಲೆಸ್ನಾನ ಅಂದಿದ್ನಲ್ಲ ಟೀಚರ್?"

"ಮಾಡಿದ್ದೀನಿ. ಆಮೇಲೆ ಹಚ್ಚಿದೆ. ಕರೆಂಟ್ ಅಂದ್ರೆ ಉಷ್ಣ ಅಲ್ವಾ?"

ಬಿಸಿನೀರಿನ ನಲ್ಲಿಯ ಕೆಳಗೆ ಬಗ್ಗಿಸಿ, ಶಾಂಪೂ ಹಾಕಿ ನಾನೇ ತೊಳೆದೆ. ಪ್ರಯೋಗ ಮುಗಿಸಿ ಹೊರಡುವಾಗ ಕೇಳಿದರು: "ಮುಂದಿನ ವಾರಾನೂ ಬರ್ಲಾ? ನಮ್ಮನೇಲಿ ಬಿಸಿನೀರು ಬರ್ತಿಲ್ಲ."

೨. ಚಟುವಟಿಕೆ

ಗುರುವಾರ ಒಬ್ಬ ಅಡಿಕೆ ವ್ಯಾಪಾರಿ ಬಂದರು. ಪರದೆಯ ಮೇಲೆ ಅವರ ಮೆದುಳಿನ ಗೆರೆಗಳು ಕುಣಿಯತೊಡಗಿದವು. ಅಷ್ಟು ಚುರುಕು ಮೆದುಳು ನಾನು ನೋಡಿರಲಿಲ್ಲ. "ಮೇಡಂ, ಬೇಗ ಬನ್ನಿ!" ಎಂದು ಕೂಗಿದೆ. ಮೇಡಂ ಬಂದವರು ಪರದೆ ನೋಡಲಿಲ್ಲ, ವ್ಯಾಪಾರಿಯ ದವಡೆ ನೋಡಿದರು.

"ಬಾಯಲ್ಲಿ ಏನಿದೆ?"

"ಎಲೆ ಅಡಿಕೆ. ಮಾತಾಡ್ಬೇಡಿ ಅಂದ್ರು, ಅಗೀಬೇಡಿ ಅನ್ಲಿಲ್ಲ."

ದವಡೆಯ ಸ್ನಾಯು ಅಲ್ಲಾಡಿದರೂ ಗೆರೆ ಕುಣಿಯುತ್ತದೆ, ಮೆದುಳಿನದಕ್ಕಿಂತ ಜೋರಾಗಿ. ಅವರು ಉಗಿದು ಬಂದು ಕೂತರು. ಗೆರೆಗಳು ಮಲಗಿದವು. ಪರದೆ ನೋಡಿ ಅವರ ಮುಖ ಸಪ್ಪಗಾಯಿತು: "ಅಯ್ಯೋ, ಬುದ್ಧಿ ಎಲ್ಲಾ ಅದರಲ್ಲೇ ಇತ್ತಾ?"

೩. ಕೊನೆಯವರು

ಶುಕ್ರವಾರ. ಇನ್ನೂ ಒಬ್ಬರು ಬೇಕು. ಮೇಡಂ ಬಾಗಿಲಲ್ಲೇ ನಿಂತಿದ್ದರು. ಭದ್ರಾವತಿಯಿಂದ ಒಬ್ಬ ನಿವೃತ್ತ ಫೋರ್‌ಮನ್ ಹೆಂಡತಿಯ ಜೊತೆ ಬಂದರು.

"ಎಷ್ಟು ಆಂಪಿಯರ್?"

"ಎರಡು ಮಿಲಿ ಆಂಪಿಯರ್ ಸರ್."

"ಅಷ್ಟೇನಾ? ಇಷ್ಟಕ್ಕೆ ಬಸ್ ಹತ್ತಿ ಬಂದ್ನಾ?"

ಇಪ್ಪತ್ತು ನಿಮಿಷ ರಾಜನ ಹಾಗೆ ಕೂತೆದ್ದರು. ಮೇಡಂ ಉಸಿರು ಬಿಟ್ಟರು.

ಇಲ್ಲಿ ಇನ್ನೊಂದು ವಿವರಣೆ ಬೇಕು. ಅರ್ಧ ಜನರಿಗೆ ನಿಜವಾದ ಕರೆಂಟ್. ಉಳಿದವರಿಗೆ ಕ್ಷಣ ಹೊತ್ತು ಚುರುಗುಟ್ಟಿಸಿ ನಿಲ್ಲಿಸುತ್ತೇವೆ. ಬರೀ ನಂಬಿಕೆಯಿಂದಲೇ ಎಷ್ಟು ಬದಲಾವಣೆ ಆಗುತ್ತದೆ ಎಂದು ತಿಳಿಯಲು. ಯಾರಿಗೆ ಯಾವುದು ಎಂದು ನನಗೂ ಗೊತ್ತಿರುವುದಿಲ್ಲ. ಕೊನೆಗೆ ಪಟ್ಟಿ ತೆರೆದು ಎಲ್ಲರಿಗೂ ಹೇಳಲೇಬೇಕು. ತೆರೆದು ನೋಡಿದರೆ ಫೋರ್‌ಮನ್‌ಗೆ ಸಿಕ್ಕಿದ್ದು ಹುಸಿ ಕರೆಂಟ್.

ಫೋನ್ ಮಾಡಿದೆ. ಹೆಂಡತಿ ಎತ್ತಿದರು. ವಿಷಯ ಹೇಳಿದೆ.

"ಅಂದ್ರೆ ಏನೂ ಹರೀಲೇ ಇಲ್ವಾ?"

"ಮೊದಲ ಕ್ಷಣ ಬಿಟ್ರೆ ಇಲ್ಲಮ್ಮ."

ಅವರ ದನಿ ಸಣ್ಣಗಾಯಿತು. "ಅಲ್ಲಿಂದ ಬಂದಾಗಿಂದ ತಲೆ ಚುರುಕಾಗಿದೆ ಅಂತ ಅಡುಗೆಮನೆ ಡಬ್ಬಿ ಎಲ್ಲಾ ಅವರೇ ತೊಳೆದು ಜೋಡಿಸಿದ್ರು. ಈಗ ಅಟ್ಟ ಹತ್ತಿದಾರೆ."

"ಆದ್ರೂ ಅವರಿಗೆ ಹೇಳಲೇಬೇಕಮ್ಮ. ನಿಯಮ."

"ಹೇಳು ಮಾರಾಯ್ತಿ, ಬೇಡ ಅನ್ನಲ್ಲ. ಸಂಜೆ ಫೋನ್ ಮಾಡು. ಅಟ್ಟ ಇನ್ನೂ ಅರ್ಧ ಬಾಕಿ ಇದೆ."