ಆರು ಗಂಟೆಗೆ ತೆರೆದ ಕಣ್ಣು

ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ಯಲಹಂಕ ಉಪನಗರದಲ್ಲಿ ಪಬ್ ಇಟ್ಟಿದ್ದ ಗೋಕುಲನಿಗೆ ಇದು ತಿಳಿದಿರಲಿಲ್ಲ. ತಿಳಿದಿದ್ದರೆ ಚಿತ್ರ ಬರೆಯುವ ಸ್ಪರ್ಧೆಯನ್ನು ನಾಲ್ಕರಿಂದ ಆರಕ್ಕೆ ಇಡುತ್ತಿರಲಿಲ್ಲವೇನೋ.

ಪ್ರತಿ ಭಾನುವಾರ ಅಲ್ಲಿ ಹಾಡು, ಕವಿತೆ, ಏನಾದರೊಂದು ಕಲೆ. ಆ ವಾರ ಪಬ್ಬಿನಲ್ಲಿ ಕೂತ ಜನರನ್ನೇ ಬರೆಯಬೇಕಿತ್ತು. ಗೆದ್ದವರಿಗೆ ರಸ್ತೆಗೆ ಕಾಣುವ ನಲವತ್ತಡಿ ಗೋಡೆಯ ಮೇಲೆ ಅದೇ ಚಿತ್ರವನ್ನು ದೊಡ್ಡದಾಗಿ ಬರೆಯುವ ಕೆಲಸ.

ಹತ್ತಿರದ ಕೋಗಿಲು ಊರಿನ ಮುನಿಯಣ್ಣ ಆ ಗೋಡೆಗಾಗಿಯೇ ಬಂದಿದ್ದ. ಮೂವತ್ತು ವರ್ಷ ಗುಡಿಗಳಲ್ಲಿ ದೇವರನ್ನೂ ಅಂಗಡಿಗಳಿಗೆ ಬೋರ್ಡನ್ನೂ ಬರೆದವನು. ಫ್ಲೆಕ್ಸ್ ಬಂದಮೇಲೆ, ಎರಡು ವರ್ಷದಿಂದ ಒಂದು ಮೋಟು ಗೋಡೆಯೂ ಸಿಕ್ಕಿರಲಿಲ್ಲ. ಪಕ್ಕದ ಮನೆಯ ಚಿಕ್ಕಬೈರಪ್ಪ ಧೈರ್ಯ ಹೇಳುವುದಕ್ಕೆಂದು ಕರೆಯದೆಯೇ ಜತೆಗೆ ಬಂದಿದ್ದ. ಈಗ ಎರಡನೆಯ ಮಗ್ಗಿನಲ್ಲಿ ತಾನೇ ಧೈರ್ಯ ತಂದುಕೊಳ್ಳುತ್ತಿದ್ದ.

ಇದ್ದಿಲ ಕಡ್ಡಿ ಸಿಕ್ಕಿದ್ದೇ ತಡ, ಮುನಿಯಣ್ಣನ ಕೈ ಸಂಜೆ ಕೊಟ್ಟಿಗೆಗೆ ಹೊರಟ ಎತ್ತಿನಂತೆ ಓಡಿತು. ಐದು ಗಂಟೆಗೆಲ್ಲ, ನಡುವೆ ಕೂತ ಚಿಕ್ಕಬೈರಪ್ಪನೂ ಸೇರಿ, ಹದಿನೆಂಟು ಜನ ಹಾಳೆಗೆ ಬಂದಿದ್ದರು. ಮೀಸೆ, ಕಿವಿಯೋಲೆ, ಮಗ್ಗಿನ ಮೇಲಿನ ನೊರೆ ಎಲ್ಲವೂ ಇತ್ತು. ಕಣ್ಣು ಮಾತ್ರ ಒಬ್ಬರಿಗೂ ಇರಲಿಲ್ಲ.

ಬಡಿಸುವ ಹುಡುಗಿ ಕೇಳದೆಯೇ ಒಂದು ಲೋಟ ನಿಂಬೆ ಷರಬತ್ತು ತಂದಿಟ್ಟು, ದೀಪವನ್ನು ಅವನ ಹಾಳೆಯ ಕಡೆಗೆ ತಿರುಗಿಸಿದಳು. ತಿರುಗಿಸಿದವಳೇ ಬೆಚ್ಚಿದಳು.

"ಅಂಕಲ್, ಕಣ್ಣು?"

"ಕಣ್ಣು ಕೊನೇಗಮ್ಮ. ಈಗ ರಾಹುಕಾಲ. ಆರಕ್ಕೆ ತೆರೆಸ್ತೀನಿ."

"ನಾವೇನು ದೇವ್ರಾ ಅಂಕಲ್?"

"ಮೊಖ ಅಂದ್ಮೇಲೆ ಮೊಖಾನೇ ಅಲ್ವೇನಮ್ಮ?"

ಸುದ್ದಿ ಮೇಜಿನಿಂದ ಮೇಜಿಗೆ ಹೋಯಿತು. ಒಬ್ಬೊಬ್ಬರೇ ಎದ್ದು ಬಂದು ಇಣುಕತೊಡಗಿದರು.

"ಗುರು, ಮೂಗು ನಂದೇ. ಆದ್ರೆ ನಾನ್ಯಾಕೆ ಬೇಯಿಸಿದ ಮೊಟ್ಟೆ ಥರ ಇದೀನಿ?" ಎಂದ ಗಡ್ಡದ ಯುವಕನೊಬ್ಬ.

"ಆರಕ್ಕೆ ಕೊಡ್ತೀನಪ್ಪ, ಖಂಡಿತ," ಎಂದು ಮುನಿಯಣ್ಣ ಹದಿನೆಂಟು ಜನಕ್ಕೂ ಮಾತು ಕೊಟ್ಟ.

ಚಿಕ್ಕಬೈರಪ್ಪನಿಗೆ ತಡೆಯಲಾಗಲಿಲ್ಲ. "ಲೇ ಮುನಿಯಾ, ಆರಕ್ಕೆ ಸ್ಪರ್ಧೇನೇ ಮುಗೀತದೆ ಕಣೋ! ಒಂದೊಂದು ಚುಕ್ಕೆ ಮಡಗು ಸಾಕು. ರಾಹುಗೆ ನಾನ್ ಯೋಳ್ಕಂತೀನಿ."

"ಸುಮ್ಕಿರು ಬೈರಣ್ಣ. ಗೋಡೆ ಓದ್ರೆ ಓಗ್ಲಿ."

ಹಾಗೆಂದನೇ ಹೊರತು, ಅವನ ಕಣ್ಣು ಮತ್ತೆ ಮತ್ತೆ ಕಿಟಕಿಯಾಚೆಯ ಗೋಡೆಗೇ ಹೋಗುತ್ತಿತ್ತು.

ಆರಕ್ಕೆ ಹತ್ತು ನಿಮಿಷ ಇರುವಾಗ ತೀರ್ಪುಗಾರ್ತಿ ವನಿತಾ ಬಂದರು. ಕಲಾ ಕಾಲೇಜಿನಲ್ಲಿ ಪಾಠ ಹೇಳುವವರು. ಎಲ್ಲರ ಹಾಳೆಗಳನ್ನೂ ನೋಡುತ್ತ ಬಂದು ಮುನಿಯಣ್ಣನದರ ಮುಂದೆ ನಿಂತರು. ಮುನಿಯಣ್ಣ ಟವೆಲು ಹೆಗಲಿಗೆ ಹಾಕಿಕೊಂಡು ಹೊರಡಲು ಸಿದ್ಧನಾದ.

"ಅಬ್ಬಾ! ಎಲ್ರೂ ಒಟ್ಟಿಗೆ ಕೂತಿದಾರೆ, ಒಬ್ರನ್ನೊಬ್ರು ನೋಡ್ತಾನೇ ಇಲ್ಲ. ಇವತ್ತಿನ ನಮ್ಮ ಬೆಂಗಳೂರು ಇದೇ ಕಣ್ರೀ! ಇದಕ್ಕೇ ಫಸ್ಟ್!"

ಚಪ್ಪಾಳೆಯೋ ಚಪ್ಪಾಳೆ. ಗೋಕುಲ ಓಡಿ ಬಂದು ಕೈ ಕುಲುಕಿ, "ಅಣ್ಣಾ, ಗೋಡೆ ನಿಮ್ದೇ!" ಎಂದ. ವನಿತಾ ಹೇಳಿದ್ದು ಮುನಿಯಣ್ಣನಿಗೆ ಒಂದಿಷ್ಟೂ ಅರ್ಥವಾಗಲಿಲ್ಲ. ಗೋಡೆ ಎಂದದ್ದು ಚೆನ್ನಾಗಿ ಅರ್ಥವಾಯಿತು. ಟವೆಲಿನಿಂದ ಕಣ್ಣೊರೆಸಿಕೊಂಡು ಗಡಿಯಾರ ನೋಡಿದ. ಆರಾಗಿತ್ತು.

ಕೊಟ್ಟ ಮಾತು ನೆನಪಾಯಿತು. ಕಡ್ಡಿ ತೆಗೆದುಕೊಂಡ.

"ಬೇಡ ಸರ್! ಮುಟ್ಟಬೇಡಿ!" ಎಂದು ವನಿತಾ ಕೂಗುವಷ್ಟರಲ್ಲಿ ಹದಿನೆಂಟು ಜೊತೆ ಕಣ್ಣೂ ತೆರೆದಿದ್ದವು.

ಮುನಿಯಣ್ಣನಿಗೆ ಬರುತ್ತಿದ್ದುದು ಒಂದೇ ಬಗೆಯ ಕಣ್ಣು, ಗರ್ಭಗುಡಿಯದು. ಅಗಲವಾಗಿ, ತಣ್ಣಗೆ, ಯಾವ ಮೂಲೆಯಲ್ಲಿ ಕೂತರೂ ನಿಮ್ಮನ್ನೇ ನೋಡುವಂಥದ್ದು. ಗಡ್ಡದ ಯುವಕ ಮಗ್ಗನ್ನು ಮೆಲ್ಲಗೆ ಮೇಜಿನ ಕೆಳಗಿಟ್ಟ. ಯಾರೋ ಚಪ್ಪಲಿ ಬಿಟ್ಟರು. ಇನ್ಯಾರೋ ಹಾಡು ನಿಲ್ಲಿಸಿದರು.

"ಕಾಫಿ ಇದ್ಯಾ?" ಎಂದಿತು ಒಂದು ಮೇಜು.

"ನಮ್ಗೂ ಕಾಫಿ," ಎಂದವು ಉಳಿದವು.

ಅಡುಗೆಮನೆಯಲ್ಲಿ ಹಾಲೇ ಇರಲಿಲ್ಲ. ಗೋಕುಲ ಕೈ ಮುಗಿದ. "ಅಣ್ಣಾ, ದಯವಿಟ್ಟು ಇದನ್ನ ತಗೊಂಡ್ ಹೋಗ್ಬಿಡಿ!"

"ಗೋಡೆ?"

"ಕಣ್ಣಿಲ್ದೇ ಬರ್ಕೊಡಿ, ನಾಳೇನೇ ಶುರು ಮಾಡಿ. ಈ ಕಣ್ಣು ಗೋಡೆ ಮೇಲೆ ಬಂದ್ರೆ ನಾನು ಭಜನೆ ಮಂದಿರ ತೆಗೀಬೇಕಾಗತ್ತೆ!"

ಮುನಿಯಣ್ಣ ಹೊರಗಿನ ಗೋಡೆಯನ್ನು ಕಿಟಕಿಯಿಂದ ಒಮ್ಮೆ ನೋಡಿದ. ಎಂಥಾ ಗೋಡೆ!

"ಮೊಖಕ್ಕೆ ಕಣ್ಣು ತೆರೆಸ್ದೆ ನಾನ್ ಯಾವತ್ತೂ ಬಿಟ್ಟಿಲ್ಲ ಸ್ವಾಮಿ," ಎಂದು ಚಿತ್ರ ಎತ್ತಿಕೊಂಡ.

ಪಬ್ಬಿಗೆ ಪಬ್ಬೇ ಎದ್ದು ನಿಂತಿತು. ಗಡ್ಡದ ಯುವಕ ಬಾಗಿಲು ಹಿಡಿದ. ಬಡಿಸುವ ಹುಡುಗಿ ಮೆಟ್ಟಿಲವರೆಗೂ ಬಂದು ಬೀಳ್ಕೊಟ್ಟಳು. ಚಿಕ್ಕಬೈರಪ್ಪ ಚಿತ್ರವನ್ನು ಉತ್ಸವಮೂರ್ತಿಯಂತೆ ಎದೆಗೆತ್ತಿಕೊಂಡು ಮುಂದೆ ನಡೆದ. ಬಸ್ ಸ್ಟಾಪಿನಲ್ಲಿ ಇಬ್ಬರು ಕೈ ಮುಗಿದರು. ಗೋಡೆ ಕಳೆದುಕೊಂಡ ಮುನಿಯಣ್ಣ ಗೋಡೆ ಗೆದ್ದವನಿಗಿಂತ ನೆಟ್ಟಗೆ ನಡೆಯುತ್ತಿದ್ದ.

ಹೂ ಮಾರುವ ಮೆಹಬೂಬ್ ಬೀ ತಡೆದು ನಿಲ್ಲಿಸಿದಳು. "ಎಷ್ಟ್ ಚೆನ್ನಾಗ್ ಬರ್ದಿದೀಯ ಅಣ್ಣಾ! ಇರು," ಎಂದು ಒಂದು ಸೇವಂತಿಗೆ ಹಾರ ತೆಗೆದಳು. ಎರಡು ವರ್ಷದ ಮೇಲೆ ಸಿಗುತ್ತಿರುವ ಮರ್ಯಾದೆ. ಮುನಿಯಣ್ಣ ಕುತ್ತಿಗೆ ಬಗ್ಗಿಸಿದ.

ಅವಳು ಹಾರವನ್ನು ಚಿತ್ರಕ್ಕೆ ಹಾಕಿದಳು. ಅದು ಸರಿಯಾಗಿ ಚಿತ್ರದ ನಡುವೆ ಮಗ್ಗು ಹಿಡಿದು ಕೂತಿದ್ದ ಚಿಕ್ಕಬೈರಪ್ಪನ ಮುಖದ ಸುತ್ತ ನಿಂತಿತು.

"ಅಯ್ಯಯ್ಯೋ, ಫೋಟೋಗೆ ಆರ ಆಕ್ಬಿಟ್ಯಲ್ಲಮ್ಮೋ!" ಎಂದು ಚಿಕ್ಕಬೈರಪ್ಪ ರಸ್ತೆಯಲ್ಲೇ ಬೊಬ್ಬೆ ಹಾಕಿದ. "ನಾನಿನ್ನೂ ಬದುಕಿವ್ನಿ! ಲೇ ಮುನಿಯಾ, ಅಳಿಸೋ ನನ್ನ ಕಣ್ಣ!"