ಇಂಗಾಲ ಅಳೆಯುವ ಗುಂಡಿಯಲ್ಲಿ ಹಂದಿ ಬೇಯಿಸುವ ಕುರಿತು

ದಿನಾಂಕ: 9ನೇ ಆಗಸ್ಟ್ 2021, ಬೆಳಿಗ್ಗೆ 10.40 ಗಂಟೆ
ಮಣ್ಣು ಪರೀಕ್ಷಾ ವಿಭಾಗ, ಪುಂತಾ ಅಸುಲ್ ಕಾಫಿ ಬೆಟ್ಟ, ಪೆರು
ಸಂಖ್ಯೆ: ಮಪವಿ/ಗುಂಡಿ/ಹಂದಿ/14

ವಿಷಯ: ಮಣ್ಣಿನ ಇಂಗಾಲ ಅಳೆಯಲು ತೋಡಿದ ಗುಂಡಿಗಳಲ್ಲಿ ಮಾಂಸ, ಗೆಣಸು ಇತ್ಯಾದಿ ಬೇಯಿಸುವುದನ್ನು ನಿಲ್ಲಿಸುವ ಬಗ್ಗೆ.
ಉಲ್ಲೇಖ: (ಅ) ಗುಂಡಿಯಲ್ಲಿ ದೊರೆತ ಮೂಳೆ. (ಆ) ವಾಸನೆ.

ಶ್ರೀಮತಿ ಸೆನಾಯಿದಾ ಯೌರಿ ಅವರ ನೆರಳುಮರದ ಕಾಫಿ ತೋಟವನ್ನು ಕಡಿದು ದನಗಳಿಗೆ ಹುಲ್ಲುಗಾವಲು ಮಾಡಬೇಕೆಂದು ಅವರ ಭಾವ ಶ್ರೀ ಫೊರ್ತುನಾತೊ ಅವರು ಕೋರಿದ್ದು, ತೋಟ ಮತ್ತು ಪಕ್ಕದ ಹುಲ್ಲುಗಾವಲು, ಇವೆರಡರಲ್ಲಿ ಯಾವ ಮಣ್ಣು ಹೆಚ್ಚು ಇಂಗಾಲ ಹಿಡಿದಿಟ್ಟಿದೆಯೋ ಅದೇ ಉಳಿಯತಕ್ಕದ್ದೆಂದು ಊರಸಭೆ ತೀರ್ಮಾನಿಸಿದೆ. ಅದರಂತೆ ಜುಲೈ 31ರ ಶನಿವಾರ ಎರಡೂ ಕಡೆ ಒಂದು ಮೀಟರ್ ಆಳದ ಗುಂಡಿ ತೋಡಿ, ಮಾದರಿ ತೆಗೆಯುವುದನ್ನು ಸೋಮವಾರಕ್ಕೆ ಮುಂದೂಡಲಾಯಿತು. ನಡುವಿನ ಭಾನುವಾರ ಆಗಸ್ಟ್ ಒಂದು, ಭೂತಾಯಿ ಬಾಯಿ ತೆರೆಯುವ, ಊರವರು ನೆಲದ ಗುಂಡಿಯಲ್ಲಿ ಕಾದ ಕಲ್ಲಿನ ನಡುವೆ ಅಡುಗೆ ಬೇಯಿಸಿ ಅವಳಿಗೂ ಉಣಿಸುವ ದಿನ ಎಂಬುದು ವಿಭಾಗದ ಗಮನಕ್ಕೆ ಬಂದಿರುವುದಿಲ್ಲ. ಸಿಬ್ಬಂದಿಯೆಲ್ಲ ಅದೇ ಕಾರಣಕ್ಕೆ ರಜೆ ಹಾಕಿದ್ದರು.

ಫಲಿತಾಂಶವಾಗಿ ತೋಟದ ಮಣ್ಣಿನ ಮೂರು ಪಟ್ಟಿಗಿಂತ ಹೆಚ್ಚು ಇಂಗಾಲ ಬೋಳು ಹುಲ್ಲುಗಾವಲಿನಲ್ಲಿ ಕಂಡುಬಂದಿದೆ. ಮಾದರಿಯನ್ನು ಕುಲುಮೆಗೆ ಇಟ್ಟೊಡನೆ ಕಛೇರಿ ಪೂರ್ತಿ ಊಟಕ್ಕೆ ಎದ್ದುಹೋಗಿದೆ.

ವಿಚಾರಣೆಯಲ್ಲಿ ಶ್ರೀ ಫೊರ್ತುನಾತೊ ಅವರ ಹೇಳಿಕೆ ಯಥಾವತ್ತಾಗಿ: “ಅಲ್ಲ ಸಾರ್, ಆಗಸ್ಟ್ ಒಂದನೇ ತಾರೀಕು, ನಮ್ ಹುಲ್ಲುಗಾವಲಲ್ಲಿ ಚೌಕದ ಗುಂಡಿ, ಅಂಚು ಬೇರೆ ನೀಟಾಗಿ ಕೆತ್ತಿದೀರಿ. ಈ ಸಲ ಸರ್ಕಾರಕ್ಕೆ ಬುದ್ಧಿ ಬಂತು ಅಂದ್ಕೊಂಡ್ವಿ. ಕಲ್ಲು ಕಾಯ್ಸಿ ಹಂದಿ ಇಟ್ವಿ.”

ಶ್ರೀಮತಿ ಸೆನಾಯಿದಾ ಅವರ ಮರುಹೇಳಿಕೆ: “ಇದ್ದಿಲು ನಿಮ್ದು ಭಾವ, ಹಂದಿ ನಂದು! ನನ್ ಹಂದೀನೂ ತಿಂದು ನನ್ ಮರಾನೂ ಕಡಿಸ್ತೀರಾ?”

ಶ್ರೀ ಫೊರ್ತುನಾತೊ: “ಉಪ್ಪು ಮಾತ್ರ ಹದವಾಗಿತ್ತಮ್ಮ.”

ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ಅಳತೆಯ ಗುಂಡಿಯಲ್ಲಿ ಕಾದ ಕಲ್ಲು ಇಡತಕ್ಕದ್ದಲ್ಲ. ಕಲ್ಲು ತಾನಾಗಿಯೇ ಕಾದಿದ್ದಲ್ಲಿ ಲಿಖಿತವಾಗಿ ತಿಳಿಸತಕ್ಕದ್ದು.

2. ಮಣ್ಣಿನಲ್ಲಿ ಸಿಕ್ಕ ಬೇರು ಬೆಂದಿದ್ದರೆ, ವಿಶೇಷವಾಗಿ ಸಿಪ್ಪೆ ಸುಲಿದಿದ್ದರೆ, ಅದನ್ನು ಸ್ಥಳೀಯ ಸಸ್ಯವರ್ಗವೆಂದು ದಾಖಲಿಸುವಂತಿಲ್ಲ.

3. ಭೂತಾಯಿಗೆ ಮೊದಲ ಲೋಟ ಚಿಚಾ, ಅಂದರೆ ಮೆಕ್ಕೆಜೋಳದ ಮದ್ಯ, ಸುರಿಯಲು ಅಡ್ಡಿಯಿಲ್ಲ. ಆದರೆ ಗುಂಡಿಯಿಂದ ದೂರದಲ್ಲಿ, ಇಳಿಜಾರಿನ ಕೆಳಗೆ. ಭೂತಾಯಿಯ ಬಾಯಿ ಎಲ್ಲಿದೆ ಎಂಬ ವಿವಾದವೆದ್ದಲ್ಲಿ ವಿಭಾಗದ ನಕ್ಷೆಯೇ ಅಂತಿಮ.

4. ಹಸಿವಿನಲ್ಲಿ ಮೂಸಿದ ಮಾದರಿಯ ಫಲಿತಾಂಶ ಅಸಿಂಧು. ಊಟ ಮುಗಿಸಿ ಮತ್ತೊಮ್ಮೆ ಮೂಸತಕ್ಕದ್ದು.

5. ಅಳತೆಯ ವೇಳೆ ದನಗಳು ಗುಂಡಿಯೊಳಗೆ ಸಗಣಿ ಹಾಕುವುದನ್ನು ಮಾಲೀಕರ ಪರ ಪ್ರಭಾವ ಬೀರುವ ಯತ್ನವೆಂದು ಪರಿಗಣಿಸಲಾಗುವುದು. ದನಗಳಿಗೆ ಇದನ್ನು ಓದಿ ಹೇಳತಕ್ಕದ್ದು.

6. ಹುಲ್ಲುಗಾವಲಿನ ಬೇರೊಂದು ಮೂಲೆಯಲ್ಲಿ ಆಗಸ್ಟ್ 6ರಂದು ಹೊಸ ಗುಂಡಿ ತೋಡಿ ಮರು ಅಳತೆ ನಡೆಸಲಾಗಿದೆ. ಮಾದರಿ ತೆಗೆಯುವವರೆಗೂ ಶ್ರೀಮತಿ ಸೆನಾಯಿದಾ ಅವರು ಅದರೊಳಗೇ ಮಚ್ಚು ಹಿಡಿದು ಕುಳಿತಿದ್ದು, ಯಾರೂ ಏನನ್ನೂ ಬೇಯಿಸಿರುವುದಿಲ್ಲ.

ಸಹಿ/-
ವಿಭಾಗಾಧಿಕಾರಿ
(ಸಹಿಯ ಮೇಲಿನ ಜಿಡ್ಡಿಗೂ ವಿಭಾಗಕ್ಕೂ ಸಂಬಂಧವಿರುವುದಿಲ್ಲ.)

ಪ್ರತಿಗಳು:
1. ಶ್ರೀ ಫೊರ್ತುನಾತೊ ಅವರಿಗೆ, ಮಾಹಿತಿಗಾಗಿ ಹಾಗೂ ಒಂದು ಹಂದಿಮರಿ ಹಿಂದಿರುಗಿಸುವ ಸಲುವಾಗಿ.
2. ದನಗಳಿಗೆ, ಕಲಂ 5ರಂತೆ.
3. ಭೂತಾಯಿಗೆ, ಹಳೆಯ ಗುಂಡಿಯಲ್ಲಿ ಹಾಕಿ ಮುಚ್ಚಲು.
4. ಶ್ರೀಮತಿ ಸೆನಾಯಿದಾ ಯೌರಿ ಅವರಿಗೆ, ಮರ ಕಡಿಯಲು ಬಂದವರಿಗೆ ತೋರಿಸಲು: ಹುಲ್ಲುಗಾವಲು ಹೆಕ್ಟೇರಿಗೆ 83 ಟನ್ ಇಂಗಾಲ; ಕಾಫಿ ತೋಟ 117 ಟನ್.